ವಾರಿಕ್ ಕೋಟೆಯ ಆ್ಯನ್

ಮಕ್ಕಳೇ, ವಾರಿಕ್ ಕೋಟೆ ನೋಡಲು ಹೋದವರಿಗೆ ಗಂಟುಗಂಟಾದ ಕೋಲು ಹಿಡಿದು ನಿಂತ ಕರಡಿಯ ಚಿತ್ರ ಗೊತ್ತಿರುತ್ತದೆ. ಅದು ವಾರಿಕ್‌ನ ಅರ್ಲ್‌ಗಳ ಲಾಂಛನ. ಅರ್ಲ್ ಎಂದರೆ ರಾಜ ಕೊಡುವ ದೊಡ್ಡ ಪದವಿ. ಡ್ಯೂಕ್ ಮತ್ತು ಮಾರ್ಕ್ವೆಸ್ ಮಾತ್ರ ಅದಕ್ಕಿಂತ ಮೇಲೆ. ತಂದೆಯಿಂದ ಮಗನಿಗೆ ಬರುವುದು ವಾಡಿಕೆ. ಗಂಡುಮಕ್ಕಳಿಲ್ಲದೆ ಹೋದಾಗ ವಾರಿಕ್ ಪದವಿಯನ್ನು ಹೊಸ ಮನೆಗೆ ದಾಟಿಸಿದವರು ಹೆಣ್ಣುಮಕ್ಕಳೇ. ಚರಿತ್ರೆಯ ಪುಸ್ತಕಗಳು ಅವರ ಗಂಡಂದಿರನ್ನು ನೆನೆದಷ್ಟು ಅವರನ್ನು ನೆನೆಯುವುದಿಲ್ಲ. ಅದಕ್ಕೇ ಇಲ್ಲಿ ಒಬ್ಬಳ ಕಥೆ.

ಸುಮಾರು 1088ರಲ್ಲಿ ಈ ಪದವಿ ಮೊದಲು ಸಿಕ್ಕಿದ್ದು ಹೆನ್ರಿ ಡಿ ಬೋಮಾಂಟ್‌ಗೆ. 1268ರಲ್ಲಿ ಅದು ಸೋದರಮಾವನಿಂದ ಅಕ್ಕತಂಗಿಯ ಮಗನಿಗೆ ಬಂದು ಬೀಚಮ್ ಮನೆತನ ಸೇರಿತು. ಈ ಮನೆತನದ ರಿಚರ್ಡ್ ಬೀಚಮ್ 1439ರಲ್ಲಿ ತೀರಿಕೊಂಡ. ಮಗ ಹೆನ್ರಿ 1446ರಲ್ಲಿ ಹೋದ. ಹೆನ್ರಿಯ ಪುಟ್ಟ ಮಗಳೂ 1449ರಲ್ಲಿ, ಐದರ ವಯಸ್ಸಿಗೇ ಕಣ್ಮುಚ್ಚಿದಳು. ಉಳಿದವಳು ಹೆನ್ರಿಯ ಒಡಹುಟ್ಟಿದ ತಂಗಿ ಆ್ಯನ್. ಅವಳ ಹಕ್ಕಿನಿಂದಲೇ ಗಂಡ ರಿಚರ್ಡ್ ನೆವಿಲ್ ಅರ್ಲ್ ಆದ.

ಇವನೇ ‘ರಾಜರನ್ನು ಮಾಡುವವ’ ಎಂದು ಹೆಸರಾದವನು. 1461ರಲ್ಲಿ ನಾಲ್ಕನೆಯ ಎಡ್ವರ್ಡ್ ಸಿಂಹಾಸನ ಏರಲು ನೆರವಾದ. 1470ರಲ್ಲಿ ಅದೇ ಎಡ್ವರ್ಡ್‌ನನ್ನು ಇಳಿಸಿ ಆರನೆಯ ಹೆನ್ರಿಯನ್ನು ಮತ್ತೆ ಕೂರಿಸಿದ. 1471ರ ಏಪ್ರಿಲ್ 14ರಂದು, ಮಂಜು ಕವಿದಿದ್ದ ಬಾರ್ನೆಟ್ ಯುದ್ಧದಲ್ಲಿ ಸತ್ತ.

ಆ್ಯನ್ ಬ್ಯೂಲಿಯ ಕ್ರೈಸ್ತ ಮಠದಲ್ಲಿ ಆಶ್ರಯ ಪಡೆದಳು. ಅವಳ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದವರು ಮತ್ತೆ ಸಿಂಹಾಸನ ಏರಿದ್ದ ಎಡ್ವರ್ಡ್‌ನ ತಮ್ಮಂದಿರೇ, ಕ್ಲಾರೆನ್ಸ್‌ನ ಜಾರ್ಜ್ ಮತ್ತು ಗ್ಲಾಸ್ಟರ್‌ನ ರಿಚರ್ಡ್. ಅತ್ತೆಯ ಆಸ್ತಿಯ ಮೇಲೆ ಇಬ್ಬರಿಗೂ ಕಣ್ಣು. 1474ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು: ಆ್ಯನ್ ಸತ್ತೇ ಹೋಗಿದ್ದಾಳೆ ಎಂದು ಎಣಿಸಿ ಅವಳ ಆಸ್ತಿಯನ್ನು ಅಳಿಯಂದಿರಿಗೆ ಹಂಚಬೇಕು! ಅವಳು ಬದುಕಿದ್ದಳು, 1492ರವರೆಗೂ ಬದುಕಿದ್ದಳು. ಎಂಥ ಅನ್ಯಾಯ ನೋಡಿ.

ಅರ್ಲ್ ಪದವಿ ಜಾರ್ಜ್‌ಗೆ ಹೋಯಿತು. ಅವನಿಗೆ 1478ರಲ್ಲಿ ಮರಣದಂಡನೆಯಾಯಿತು. ಅವನ ಮಗ ಎಡ್ವರ್ಡ್‌ನನ್ನು ಏಳನೆಯ ಹೆನ್ರಿ ಹತ್ತರ ವಯಸ್ಸಿನಲ್ಲೇ ಸೆರೆಯಲ್ಲಿಟ್ಟ, 1499ರಲ್ಲಿ ತಲೆ ತೆಗೆಸಿದ. ಆ ಹುಡುಗ ಮಾಡಿದ ದೊಡ್ಡ ತಪ್ಪೆಂದರೆ ರಾಜವಂಶದಲ್ಲಿ ಹುಟ್ಟಿದ್ದು.

ಮುಂದಿನದು ಬೇಗ ಹೇಳಬಹುದು. 1547ರಲ್ಲಿ ಪದವಿ ಜಾನ್ ಡಡ್ಲಿಗೆ ಸಿಕ್ಕಿತು. ಅವನಿಗೂ ಬೀಚಮ್ ನಂಟು ತಾಯಿಯ ಕಡೆಯಿಂದಲೇ. 1604ರಲ್ಲಿ ಕೋಟೆ ಗ್ರೆವಿಲ್ ಮನೆತನಕ್ಕೆ, 1618ರಲ್ಲಿ ಪದವಿ ಮಾತ್ರ ರಿಚ್ ಮನೆತನಕ್ಕೆ. ರಿಚ್ ವಂಶ 1759ರಲ್ಲಿ ಮುಗಿದಾಗ ಪದವಿಯೂ ಗ್ರೆವಿಲ್‌ಗಳ ಪಾಲಾಯಿತು. ಕೋಟೆಯನ್ನು ಅವರು 1978ರಲ್ಲಿ ಮಾರಿದರು.

ವಾರಿಕ್‌ಗೆ ಹೋದರೆ ಕೋಟೆಯಷ್ಟೇ ನೋಡಿ ಬಂದುಬಿಡಬೇಡಿ. ಹತ್ತಿರದ ಸೇಂಟ್ ಮೇರಿ ಚರ್ಚಿನಲ್ಲಿ ಆ್ಯನ್‌ಳ ತಂದೆಯ ಸಮಾಧಿಯಿದೆ. ಅದರ ಸುತ್ತ ಬಂಧುಗಳ ಚಿಕ್ಕ ಲೋಹದ ಮೂರ್ತಿಗಳಿವೆ. ಅವುಗಳಲ್ಲಿ ಆ್ಯನ್ ಯಾರೆಂದು ಅಲ್ಲಿನವರನ್ನು ಕೇಳಿ.