ಬಿಚ್ಚಿ ಜೋಡಿಸಿದ ಕೈ: ಲಕ್ಷ್ಮಣರಾವ ಕಿರ್ಲೋಸ್ಕರರು

ಹಳೆಯ ವಾಹನಗಳ ಮೇಲಿನ ಮೋಹ ಇಂದು ಉಳ್ಳವರ ಹವ್ಯಾಸವೆನಿಸಿದೆ. ಬಣ್ಣ ಹಚ್ಚಿ ನಿಲ್ಲಿಸಿದ ಮೋಟಾರಿನ ಹೊಳಪಿಗೆ ನಾವು ಮರುಳಾಗುತ್ತೇವೆ. ಅದರ ಒಡಲಿನೊಳಗಣ ಸವೆದ ಭಾಗವನ್ನು ಮರಳಿ ತಿದ್ದಿದ ಕೈಯನ್ನು ನೆನೆಯುವುದಿಲ್ಲ. ದುರಸ್ತಿಯೆಂದರೆ ಕೀಳು ಕಸುಬೆಂಬ ಭಾವನೆ ಓದಿದವರಲ್ಲಿ ಇನ್ನೂ ಅಳಿದಿಲ್ಲ. ಅದು ಎಷ್ಟು ಪೊಳ್ಳೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ಲಕ್ಷ್ಮಣರಾವ ಕಿರ್ಲೋಸ್ಕರರು.

ಅವರು ಹುಟ್ಟಿದ್ದು ೧೮೬೯ನೆಯ ಇಸವಿಯ ಜೂನ್ ೨೦ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಪಾಠಕ್ಕಿಂತ ಚಿತ್ರದ ಮೇಲೆಯೇ ಬಾಲಕನಿಗೆ ಒಲವು ಹೆಚ್ಚು. ೧೮೮೫ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ವಿಧಿ ಅಲ್ಲಿ ಅಡ್ಡ ಬಂದಿತು. ಕೆಲವು ಬಣ್ಣಗಳ ಭೇದವನ್ನು ಅವರ ಕಣ್ಣು ಅರಿಯದು! ಚಿತ್ರಕಾರನಾಗುವ ಆಸೆ ಅಲ್ಲಿಗೇ ಮುರಿಯಿತು. ಬಣ್ಣ ಕೈಬಿಟ್ಟರೂ ಗೆರೆ ಕೈಬಿಡಲಿಲ್ಲ. ಯಂತ್ರಗಳ ರೇಖಾಚಿತ್ರವನ್ನು ಅಭ್ಯಾಸ ಮಾಡಿ, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು. ಶಾಲೆಯ ಕಾರ್ಯಾಗಾರ ಅವರಿಗೆ ಎರಡನೆಯ ಗುರುಕುಲವಾಯಿತು.

ಅದು ಬೈಸಿಕಲ್ಲಿನ ಹೊಸಗಾಲ. ಮುಂದೊಂದು ಆಳೆತ್ತರದ ಗಾಲಿ, ಹಿಂದೊಂದು ಪುಟ್ಟ ಗಾಲಿಯಿದ್ದ ವಿಚಿತ್ರ ವಾಹನ ಹಿಂದೆ ಸರಿಯುತ್ತಿತ್ತು. ೧೮೮೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಸಮಗಾಲಿಯ ಸೈಕಲ್ಲನ್ನು ಹೊರತಂದಿದ್ದ. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಾಯರಿಗೆ ಪೇಟೆಂಟ್ ಪಡೆದ. ಅದೇ ೧೮೮೮ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ ಸಹೋದರರ ಸೈಕಲ್ಲಿನ ವ್ಯವಹಾರ ಮೊದಲಾಯಿತು. ಅಣ್ಣ ರಾಮಚಂದ್ರರಾಯರು ಇದರಲ್ಲಿ ತಮ್ಮನಿಗೆ ಜೊತೆಗಾರರು. ಮಾರುವುದಷ್ಟೇ ಅಲ್ಲ, ಕೊಂಡವರಿಗೆ ಏರಿ ಓಡಿಸುವುದನ್ನು ಕಲಿಸುವುದು, ಕೆಟ್ಟಾಗ ಸರಿಪಡಿಸುವುದು ಇವೂ ಅವರ ಪಾಲಿನ ಕೆಲಸಗಳೇ.

ಬಾಗಿದ ಗಾಲಿಯನ್ನು ನೇರಗೊಳಿಸುವವನು ಒಂದು ಕಡ್ಡಿಯನ್ನು ಬಿಗಿದು ಎದುರಿನದನ್ನು ಸಡಿಲಿಸಬೇಕು. ಎಲ್ಲ ಕಡ್ಡಿಗಳ ಸೆಳೆತ ಸಮನಾದಾಗಲೇ ಗಾಲಿ ಓಲಾಡದೆ ತಿರುಗುವುದು. ಗುಂಡುಗಳು ಸವೆದ ಅಚ್ಚಿಗೆ ಎಣ್ಣೆ ಸುರಿದರೆ ಸಾಲದು; ಬಿಚ್ಚಿ, ತೊಳೆದು, ಸವೆದುದನ್ನು ತೆಗೆದು ಬೇರೆಯದನ್ನು ಕೂರಿಸಬೇಕು. ಬಿಚ್ಚಿ ಜೋಡಿಸಿದವನಿಗೆ ಮಾಡಿದವನ ಮನಸ್ಸು ತಿಳಿಯುತ್ತದೆ. ಇಂದು ಹಳೆಯ ಮೋಟಾರನ್ನು ಬದುಕಿಸುವವನ ವಿದ್ಯೆಯೂ ಇದೇ.

ಮುಂಬಯಿಯ ಶಾಲೆಯಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬನಿಗೆ ಹೋಯಿತು. ಸ್ವಾಭಿಮಾನಿಯಾದ ಲಕ್ಷ್ಮಣರಾಯರು ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು. ಪರದೇಶದ ಯಂತ್ರವನ್ನು ದುರಸ್ತಿ ಮಾಡುತ್ತ ಕೂಡುವುದಷ್ಟೇ ಸಾಲದೆನಿಸಿತು. ಕಣಿಕೆ ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಾವೇ ತಯಾರಿಸಿದರು. ಕಬ್ಬಿಣ ತಗಲಿದರೆ ಭೂಮಿ ವಿಷವಾಗುವುದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಬೆಳಗಾವಿಯ ನಗರಸಭೆ ಕಾರಖಾನೆಯ ಜಾಗವನ್ನು ಬಿಡಿಸಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರು. ಕುಂಡಲ ರೋಡ್ ರೇಲ್ವೆ ನಿಲ್ದಾಣದ ಬಳಿ ೩೨ ಎಕರೆ ಬರಡು ಭೂಮಿಯನ್ನೂ ಬಡ್ಡಿಯಿಲ್ಲದೆ ೧೦,೦೦೦ ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಆ ಬಯಲಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರಖಾನೆ, ಕೆಲಸಗಾರರ ಮನೆಗಳು ಎರಡೂ ಕೂಡಿದ ಊರು ಅದು. ನಮ್ಮ ನೆಲದ ಕೂಸು ನೆರೆಮನೆಯ ತೊಟ್ಟಿಲಲ್ಲಿ ಬೆಳೆಯಿತು.

ಆದರೂ ಋಣ ತೀರಲಿಲ್ಲ. ೧೯೪೧ರಲ್ಲಿ ಆ ಮನೆತನದ ಉದ್ಯಮ ಹರಿಹರದಲ್ಲಿ ನೆಲೆಯೂರಿ, ಲೇಥುಗಳನ್ನು ತಯಾರಿಸತೊಡಗಿತು. ಹಿರೇಬೆಂಡಿಗೇರಿಯ ಕಡೆಯವರಿಗೆ ಹರಿಹರ ದೂರದ ಊರಲ್ಲ. ಪೇಟೆಯಲ್ಲಿ ಎಲ್ಲಿಯೂ ಸಿಗದ ಹಳೆಯ ಗಾಡಿಯ ಬಿಡಿಭಾಗವನ್ನು ಹೊಸದಾಗಿ ಕಡೆದುಕೊಡುವುದು ಲೇಥೇ ಅಲ್ಲವೆ? ಸೈಕಲ್ಲು ತಿದ್ದುತ್ತಿದ್ದವರ ಬಳಗ ತಿದ್ದುವ ಯಂತ್ರವನ್ನೇ ನಾಡಿಗೆ ಕೊಟ್ಟಿತು.

೧೯೫೬ರ ಸೆಪ್ಟೆಂಬರ್ ೨೬ರಂದು ಲಕ್ಷ್ಮಣರಾಯರು ಕಾಲವಾದರು. ಜನ್ಮಶತಾಬ್ದಿಯ ೧೯೬೯ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರಡಿಸಿತು. ಜಾಗ ಬಿಡಿಸಿದ ಬೆಳಗಾವಿಯಲ್ಲಿ ಇಂದು ಕಿರ್ಲೋಸ್ಕರ ರಸ್ತೆಯಿದೆ. ಆ ಹಾದಿಯಲ್ಲಿ ಹಳೆಯ ಸೈಕಲ್ಲೊಂದು ಸರಪಳಿ ಕಳಚಿ ನಿಂತರೆ, ಬಗ್ಗಿ ಅದನ್ನು ಏರಿಸುವ ಕೈಗೆ ಮಸಿ ಹತ್ತೀತು. ಆ ಮಸಿಯನ್ನು ಕಂಡು ಮೂಗು ಮುರಿಯುವ ಮುನ್ನ, ಒಂದು ಕಾರಖಾನೆ ಹುಟ್ಟಿದ್ದು ಅಂಥ ಮಸಿಯಿಂದಲೇ ಎಂಬುದನ್ನು ನಮ್ಮ ಮಕ್ಕಳು ನೆನೆಯಲಿ.