ಬಾಣಂತಿಯರ ಬಂಧು ಡಾಕ್ಟರ್ ಸೆಮ್ಮೆಲ್‌ವೈಸರು

ಬಾಣಂತಿಸನ್ನಿ ಎಂಬ ಮಾತನ್ನು ಕೇಳದ ತಾಯಂದಿರು ನಮ್ಮಲ್ಲಿ ವಿರಳ. ಆ ಒಂದು ಹೆಸರಿನೊಳಗೆ ಸೇರಿಹೋಗಿದ್ದ ವ್ಯಾಧಿಗಳಲ್ಲಿ ಸೂತಿಕಾಜ್ವರವೂ ಒಂದು. ಹೆರಿಗೆಯು ಸುಖವಾಗಿ ಆಯಿತೆಂದು ಮನೆಯವರು ಹರ್ಷಿಸುತ್ತಿರುವಾಗಲೇ, ಒಂದೆರಡು ದಿನಗಳಲ್ಲಿ ಚಳಿಜ್ವರವು ತೋರಿ, ಹೊಟ್ಟೆಯು ಉಬ್ಬಿ, ತಾಯಿಯು ತೀರಿಹೋಗುತ್ತಿದ್ದಳು. ಈ ವ್ಯಾಧಿಯ ಮೂಲವನ್ನು ಕಂಡುಹಿಡಿದ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದಿಡಲು ಇಚ್ಛಿಸುತ್ತೇವೆ. ಅವರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿದ್ದಾರಷ್ಟೆ.

ಇವರು 1818ನೆಯ ಇಸವಿ ಜುಲೈ 1ರಂದು ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ ಜನಿಸಿದರು. ನ್ಯಾಯಶಾಸ್ತ್ರವನ್ನು ಕಲಿಯಲೆಂದು ವಿಯೆನ್ನಾ ನಗರಕ್ಕೆ ಹೋದವರು ಮನಸ್ಸು ಬದಲಿಸಿ ವೈದ್ಯಶಾಸ್ತ್ರಕ್ಕೆ ಸೇರಿ, 1844ರಲ್ಲಿ ಪದವಿಯನ್ನು ಪಡೆದರು. 1846ರಲ್ಲಿ ಆ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನರ ಸಹಾಯಕರಾದರು.

ಆ ಆಸ್ಪತ್ರೆಗೆ ಯಾರು ಬರುತ್ತಿದ್ದರೆಂಬುದನ್ನು ಇಲ್ಲಿ ಹೇಳಬೇಕು. ಅನುಕೂಲಸ್ಥರ ಹೆಣ್ಣುಮಕ್ಕಳು ಮನೆಯಲ್ಲಿಯೇ ಹೆರುತ್ತಿದ್ದರು. ಆಸ್ಪತ್ರೆಯ ಬಾಗಿಲನ್ನು ತಟ್ಟುತ್ತಿದ್ದವರು ಮನೆಗೆಲಸದ ಹುಡುಗಿಯರು, ಕೂಲಿಯ ಹೆಂಗಸರು, ಗಂಡನಿಲ್ಲದೆ ಗರ್ಭಿಣಿಯರಾದ ನಿರ್ಗತಿಕರು. ಅವರಿಗೆ ಅಲ್ಲಿ ಖರ್ಚಿಲ್ಲದೆ ಹೆರಿಗೆಯಾಗುತ್ತಿದ್ದಿತು. ಅದಕ್ಕೆ ಪ್ರತಿಯಾಗಿ ಅವರ ಶರೀರಗಳು ಕಲಿಯುವವರ ಅಭ್ಯಾಸಕ್ಕೆ ಒದಗಬೇಕಾಗಿದ್ದಿತು. ಒಂದನೆಯ ವಿಭಾಗದಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಬಂದವರನ್ನು ದಿನದ ಸರದಿಯಂತೆ ಈ ಎರಡಕ್ಕೂ ಹಂಚುತ್ತಿದ್ದರು. 1846ರಲ್ಲಿ ಒಂದನೆಯ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು. ಎರಡನೆಯದರ 3,754ರಲ್ಲಿ ಸತ್ತವರು 105 ಮಾತ್ರ.

ವೈದ್ಯರು ಇದಕ್ಕೆ ಗಾಳಿಯ ದೋಷವನ್ನೂ ಭೂಮಿಯ ದೋಷವನ್ನೂ ಕಾರಣವಾಗಿ ಹೇಳುತ್ತಿದ್ದರು. ಆ ಬಡ ಹೆಂಗಸರಾದರೋ ತಮ್ಮನ್ನು ಒಂದನೆಯ ವಿಭಾಗಕ್ಕೆ ಸೇರಿಸಬಾರದೆಂದು ಮೊಣಕಾಲೂರಿ ಕೈಮುಗಿದು ಬೇಡುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದವರು ಈ ಜ್ವರಕ್ಕೆ ಅಪರೂಪವಾಗಿ ತುತ್ತಾಗುತ್ತಿದ್ದರು. ಪಂಡಿತರಿಗೆ ಹೊಳೆಯದ ಭೇದವು ಈ ನಿರಕ್ಷರಿಗಳಿಗೆ ಮೊದಲೇ ತಿಳಿದಿದ್ದಿತಲ್ಲಾ ಎಂದು ನಾವು ಬೆರಗಾಗುತ್ತೇವೆ.

ಸೆಮ್ಮೆಲ್‌ವೈಸರು ಒಂದೊಂದೇ ಕಾರಣವನ್ನು ಪರೀಕ್ಷಿಸಿ ಬಿಡುತ್ತ ಬಂದರು. ಜನಸಂದಣಿ ಕಾರಣವೆನ್ನೋಣವೆಂದರೆ ಎರಡನೆಯ ವಿಭಾಗದಲ್ಲಿಯೇ ಸಂದಣಿ ಹೆಚ್ಚು. ಅಲ್ಲಿನಂತೆ ಹೆರುವವರನ್ನು ಮಗ್ಗುಲಾಗಿ ಮಲಗಿಸಿದರು, ಫಲವಾಗಲಿಲ್ಲ. ಮರಣಶಯ್ಯೆಯಲ್ಲಿದ್ದವರ ಬಳಿಗೆ ಪಾದ್ರಿಯು ಹೋಗುವಾಗ ಮುಂದೆ ಬಾರಿಸುತ್ತಿದ್ದ ಗಂಟೆಯ ಧ್ವನಿಗೆ ಬಾಣಂತಿಯರು ಹೆದರುವರೆಂದು ಆ ಗಂಟೆಯನ್ನೂ ನಿಲ್ಲಿಸಿದರು. ಸಾವು ನಿಲ್ಲಲಿಲ್ಲ.

1847ರ ಮಾರ್ಚಿಯಲ್ಲಿ ಅವರ ಸ್ನೇಹಿತರಾದ ಪ್ರೊಫೆಸರ್ ಕೊಲೆಚ್ಕಾ ತೀರಿಕೊಂಡರು. ಶವಚ್ಛೇದನದ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚೂರಿ ಅವರ ಬೆರಳಿಗೆ ತಗಲಿದ್ದಿತು. ಅವರ ಶವಪರೀಕ್ಷೆಯ ವರದಿಯನ್ನು ಓದಿದ ಸೆಮ್ಮೆಲ್‌ವೈಸರಿಗೆ ತಾವು ನೂರಾರು ಬಾಣಂತಿಯರಲ್ಲಿ ಕಂಡಿದ್ದ ವಿಕಾರಗಳೇ ಅದರಲ್ಲಿ ಕಂಡವು. ಹಾಗಾದರೆ ಬಾಣಂತಿಯರಿಗೆ ಈ ವಿಷವನ್ನು ತಂದವರಾರು? ವಿದ್ಯಾರ್ಥಿಗಳೂ ವೈದ್ಯರೂ ಬೆಳಿಗ್ಗೆ ಶವಗಳನ್ನು ಕೊಯ್ದು, ವಾಸನೆಯಾರದ ಕೈಗಳಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ತಾಯಂದಿರ ಸಾವಿನ ಕಾರಣವನ್ನು ಹುಡುಕುವುದಕ್ಕೆಂದೇ ದಿನವೂ ಎಲ್ಲರಿಗಿಂತ ಹೆಚ್ಚಾಗಿ ಶವಗಳನ್ನು ಕೊಯ್ಯುತ್ತಿದ್ದವರು ಸೆಮ್ಮೆಲ್‌ವೈಸರೇ. ತಮ್ಮ ಕೈಯಿಂದ ಅಕಾಲಮರಣಕ್ಕೀಡಾದವರ ಸಂಖ್ಯೆಯನ್ನು ದೇವರೊಬ್ಬನೇ ಬಲ್ಲನೆಂಬ ಅರ್ಥದಲ್ಲಿ ಅವರು ಮುಂದೆ ತಮ್ಮ ಗ್ರಂಥದಲ್ಲಿ ಬರೆದರು. ಇಂತಹ ಮಾತನ್ನು ಅಚ್ಚುಹಾಕಿಸುವ ಧೈರ್ಯವು ಎಷ್ಟು ಮಂದಿ ವೈದ್ಯರಿಗೆ ಇದ್ದೀತು?

ಆ ಮೇ ತಿಂಗಳಿನಿಂದ, ಪ್ರಸವಶಾಲೆಯನ್ನು ಹೊಗುವ ಪ್ರತಿಯೊಬ್ಬನೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಅವರು ವಿಧಿಸಿದರು. ಅದು ದುಬಾರಿಯಾದುದರಿಂದ, ನಾವು ಬ್ಲೀಚಿಂಗ್ ಪೌಡರ್ ಎನ್ನುವ ಪುಡಿಯನ್ನು ಕರಗಿಸಿದ ಅಗ್ಗದ ನೀರನ್ನು ಆಮೇಲೆ ಬಳಸಿದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜುಲೈಯಲ್ಲಿ 1.2ಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ಒಬ್ಬಳನ್ನು ಮೊದಲು ಪರೀಕ್ಷಿಸಿ, ನಡುವೆ ಸಾಬೂನಿನಿಂದ ಮಾತ್ರ ಕೈ ತೊಳೆದು, ಅದೇ ಸಾಲಿನ ಇತರರನ್ನು ಮುಟ್ಟಿದ್ದರಿಂದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಶವದಿಂದ ಮಾತ್ರವಲ್ಲ, ಜೀವವಿರುವ ದೇಹದ ಕೊಳೆತ ಹುಣ್ಣಿನಿಂದಲೂ ವಿಷವು ಹರಡುವುದೆಂದು ಅದರಿಂದ ತಿಳಿದು, ಒಬ್ಬೊಬ್ಬಳ ಪರೀಕ್ಷೆಯಾದ ಮೇಲೂ ಕೈ ತೊಳೆಯುವ ನಿಯಮವಾಯಿತು. 1848ರಲ್ಲಿ 3,556 ಹೆರಿಗೆಗಳಿಗೆ ಸತ್ತವರು 45 ಮಂದಿ.

ಇಷ್ಟಾದರೂ ಹಿರಿಯ ವೈದ್ಯರಲ್ಲಿ ಬಹುಮಂದಿ ಒಪ್ಪಲಿಲ್ಲ. ಕಣ್ಣಿಗೆ ಕಾಣದ ಕಣವು ಕೊಲ್ಲುವುದೆಂಬುದಕ್ಕೆ ಆಗ ಶಾಸ್ತ್ರದ ಆಧಾರವಿರಲಿಲ್ಲ. ತಮ್ಮ ಕೈಗಳೇ ಮೃತ್ಯುವಾಹಕಗಳೆಂದು ಒಪ್ಪುವುದು ಅದಕ್ಕಿಂತಲೂ ಕಷ್ಟವಾಗಿದ್ದಿತು. 1849ರಲ್ಲಿ ಅವರ ಉದ್ಯೋಗವನ್ನು ಮುಂದುವರಿಸಲಿಲ್ಲ. ಮರುವರ್ಷ ಅವರು ಸ್ನೇಹಿತರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ಪೆಸ್ಟ್ ನಗರಕ್ಕೆ ಹೋದರು. ಅಲ್ಲಿಯ ಸಂತ ರೋಖುಸ್ ಆಸ್ಪತ್ರೆಯಲ್ಲಿ ಅವರ ಆಡಳಿತದ ಆರು ವರ್ಷಗಳ 933 ಹೆರಿಗೆಗಳಲ್ಲಿ ಸೂತಿಕಾಜ್ವರದಿಂದ ಸತ್ತವರು ಎಂಟೇ ಮಂದಿ.

ಅವರಲ್ಲಿಯೂ ಲೋಪವಿದ್ದಿತೆಂದು ನಾವು ಹೇಳಲೇಬೇಕು. ಬರೆಯುವುದೆಂದರೆ ಬೇಸರಪಡುತ್ತಿದ್ದ ಅವರು ತಮ್ಮ ಮಹಾಗ್ರಂಥವನ್ನು ಹೊರತಂದುದು ಹದಿಮೂರು ವರ್ಷಗಳು ಕಳೆದ ಮೇಲೆ. ಆ ಬಳಿಕ ವಿರೋಧಿಗಳನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ನಿಂದಿಸಿದರು. ಮೊದಲೇ ಶಾಂತವಾಗಿ ಬರೆದಿದ್ದರೆ ಎಷ್ಟು ತಾಯಂದಿರು ಉಳಿಯುತ್ತಿದ್ದರೋ! ಆದರೆ ತಿಳಿದೂ ಕೈ ತೊಳೆಯದವರ ವಿಷಯದಲ್ಲಿ ಶಾಂತರಾಗಿರುವುದು ಸುಲಭವೆಂದು ನಾವು ಹೇಳಲಾರೆವು.

1865ರಲ್ಲಿ ಅವರ ಚಿತ್ತಸ್ವಾಸ್ಥ್ಯವು ಕೆಟ್ಟಿತು. ವಿಯೆನ್ನಾದ ಹುಚ್ಚರ ಆಸ್ಪತ್ರೆಗೆ ಸೇರಿಸಿದ ಎರಡು ವಾರಗಳೊಳಗಾಗಿ, ಆಗಸ್ಟ್ 13ರಂದು, ತಮ್ಮ 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಾಯವೊಂದು ಕೊಳೆತು ರಕ್ತವು ವಿಷವಾದುದೇ ಕಾರಣ. ಬಾಣಂತಿಯರನ್ನು ಕೊಲ್ಲುತ್ತಿದ್ದುದೂ ಅದೇ ಬಗೆಯ ವಿಷ. 1879ರಲ್ಲಿ ಪಾಶ್ಚರ್ ಪಂಡಿತರು ಪ್ಯಾರಿಸ್ಸಿನ ವೈದ್ಯಸಭೆಯಲ್ಲಿ ಸೂತಿಕಾಜ್ವರದ ಸೂಕ್ಷ್ಮಾಣುವಿನ ಸರಪಣಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ವಿಯೆನ್ನಾದಲ್ಲಿ ಹೂಳಿದ್ದ ಸೆಮ್ಮೆಲ್‌ವೈಸರ ಅಸ್ಥಿಗಳನ್ನು 1891ರಲ್ಲಿ ಬುಡಾಪೆಸ್ಟಿಗೆ ತಂದರು. ಅವು ಈಗ ಅವರು ಹುಟ್ಟಿದ ಮನೆಯಲ್ಲಿಯೇ ಇವೆ. ಆ ಮನೆಯು ವೈದ್ಯಚರಿತ್ರೆಯ ವಸ್ತುಸಂಗ್ರಹಾಲಯವಾಗಿದೆ.