ಅಂಟಿನ ಜಾಡು ಹಿಡಿದ ಡಾರ್ವಿನ್

ಮಕ್ಕಳೇ, ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಶಿರವಾಡದ ಮಕ್ಕಳಿಗೆ ಸಮುದ್ರ ಹೊಸದೇನಲ್ಲ. ಬೈತಖೋಲ ಬಂದರಿನಲ್ಲಿ ದಡಕ್ಕೆ ಎಳೆದ ದೋಣಿಯ ತಳವನ್ನು ಗಮನಿಸಿದ್ದೀರಾ? ಅಲ್ಲಿ ಪುಟ್ಟ ಜ್ವಾಲಾಮುಖಿಯಂತಹ ಗಟ್ಟಿ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಬಂಡೆಗಳ ಮೇಲೂ ಇರುತ್ತವೆ. ಬರಿಗಾಲಲ್ಲಿ ತುಳಿದರೆ ಪಾದ ಕೊಯ್ಯುತ್ತದೆ. ಇವೇ ಬಾರ್ನಕಲ್‌ಗಳು. ಅಲೆ ಎಷ್ಟು ಬಡಿದರೂ ಇವು ಕದಲುವುದಿಲ್ಲ. ನಮ್ಮ ಗೋಂದು ಒದ್ದೆ ಕಾಗದಕ್ಕೇ ಸರಿಯಾಗಿ ಹಿಡಿಯುವುದಿಲ್ಲ. ಹಾಗಾದರೆ ಇವು ನೀರಿನೊಳಗೆ ಅಂಟುವುದು ಹೇಗೆ? ಈ ಪ್ರಾಣಿಗಳ ಅಧ್ಯಯನಕ್ಕೆ ಎಂಟು ವರ್ಷ ಕೊಟ್ಟ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ವೈದ್ಯರು. ಮಗನೂ ವೈದ್ಯನಾಗಲೆಂದು ಎಡಿನ್‌ಬರೋಗೆ ಕಳುಹಿಸಿದರು. ಆಗ ಅರಿವಳಿಕೆ ಮದ್ದು ಇರಲಿಲ್ಲ. ಒಂದು ಮಗುವಿನ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಡಾರ್ವಿನ್ ಅಲ್ಲಿಂದ ಎದ್ದು ಓಡಿದರು. ವೈದ್ಯ ಶಿಕ್ಷಣ ಅರ್ಧಕ್ಕೇ ನಿಂತಿತು.

1831ರ ಡಿಸೆಂಬರ್ 27ರಂದು ಅವರು ಬೀಗಲ್ ಹಡಗಿನಲ್ಲಿ ಪ್ರಪಂಚ ಪರ್ಯಟನೆಗೆ ಹೊರಟರು. ಆ ಪ್ರಯಾಣ ಸುಮಾರು ಐದು ವರ್ಷ ನಡೆಯಿತು. 1835ರಲ್ಲಿ ದಕ್ಷಿಣ ಅಮೆರಿಕದ ಚಿಲಿ ತೀರದಲ್ಲಿ ಒಂದು ಶಂಖದ ಚಿಪ್ಪನ್ನು ಕೊರೆದು ಅದರೊಳಗೆ ಅಡಗಿದ್ದ ಅತಿ ಪುಟ್ಟ ಜೀವಿ ಸಿಕ್ಕಿತು. ಅದು ಸ್ವಂತ ಚಿಪ್ಪೇ ಇಲ್ಲದ ವಿಚಿತ್ರ ಬಾರ್ನಕಲ್! ಅದನ್ನು ಅರಿಯಬೇಕಾದರೆ ಉಳಿದ ಬಾರ್ನಕಲ್‌ಗಳನ್ನೂ ನೋಡಲೇಬೇಕಿತ್ತು.

1846ರಲ್ಲಿ ಆ ಕೆಲಸ ಶುರುವಾಯಿತು. ದೇಶವಿದೇಶಗಳ ಬಾರ್ನಕಲ್‌ಗಳನ್ನು ತರಿಸಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದರು. ಅವರ ಆರೋಗ್ಯ ಆಗಾಗ ಕೆಡುತ್ತಿತ್ತು. 1851ರಲ್ಲಿ ಹತ್ತು ವರ್ಷದ ಮುದ್ದಿನ ಮಗಳು ಆ್ಯನಿ ತೀರಿಕೊಂಡಳು. ಆ ದುಃಖದ ನಡುವೆಯೂ ಕೆಲಸ ಸಾಗಿತು. ತಂದೆ ದಿನವೂ ಇದೇ ಕೆಲಸ ಮಾಡುವುದನ್ನು ಕಂಡ ಅವರ ಮಕ್ಕಳಲ್ಲೊಬ್ಬರು, ನೆರೆಮನೆಯವರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆ ಎಂದು ಕೇಳಿದರಂತೆ!

ಬಾರ್ನಕಲ್ ಏಡಿ, ಸಿಗಡಿಗಳ ಬಳಗದ್ದು. ಮರಿಯಾಗಿದ್ದಾಗ ಅದು ಈಜಾಡುತ್ತದೆ. ಆಮೇಲೆ ಒಂದು ಜಾಗ ಆರಿಸಿ, ತಲೆಯ ಭಾಗವನ್ನು ಕೆಳಗಿಟ್ಟು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಈ ಅಂಟನ್ನು ಹೊರಸೂಸುವ ಅಂಗಗಳನ್ನು ಡಾರ್ವಿನ್ ಗುರುತಿಸಿದರು. 1853ರಲ್ಲಿ ಅವರಿಗೆ ರಾಯಲ್ ಸೊಸೈಟಿಯ ಪದಕ ದೊರೆಯಿತು. ನಮ್ಮ ಕರಾವಳಿಯಲ್ಲೂ ಕಾಣುವ ಒಂದು ಬಾರ್ನಕಲ್ ಜಾತಿಗೆ 1854ರಲ್ಲಿ ಆಂಫಿಟ್ರೈಟ್ ಎಂಬ ಹೆಸರು ಕೊಟ್ಟವರೂ ಅವರೇ.

ಆದರೆ ಅವರಿಂದ ಒಂದು ತಪ್ಪೂ ಆಯಿತು. ಅಂಟಿನ ಗ್ರಂಥಿಗಳು ಮೊಟ್ಟೆ ತಯಾರಿಸುವ ಅಂಗಕ್ಕೆ ಸೇರಿವೆ ಎಂದು ಅವರು ಭಾವಿಸಿದ್ದರು. ಕ್ರೋನ್ ಎಂಬ ವಿಜ್ಞಾನಿ ಅದು ಸರಿಯಲ್ಲ ಎಂದು ತೋರಿಸಿದರು. ಡಾರ್ವಿನ್ ವಾದಕ್ಕೆ ನಿಲ್ಲಲಿಲ್ಲ. ತಮ್ಮ ಆತ್ಮಕಥೆಯಲ್ಲೂ ಆ ತಪ್ಪನ್ನು ಮುಚ್ಚಿಡದೆ ಬರೆದರು. 1882ರ ಏಪ್ರಿಲ್ 19ರಂದು ಅವರು ನಿಧನರಾದರು.

ಈಗ ಆಸ್ಪತ್ರೆಯ ಕಡೆಗೆ ಬರೋಣ. ಹೃದಯ ಸದಾ ಒದ್ದೆ, ಸದಾ ಮಿಡಿಯುತ್ತಿರುತ್ತದೆ. ಅದಕ್ಕೆ ಉಪಕರಣವನ್ನು ಹೊಲಿದು ಕೂರಿಸಿದರೆ ಸೂಜಿ ಮಾಂಸವನ್ನು ಚುಚ್ಚುತ್ತದೆ. ಅಂಟಿಸಿದರೆ? 2019ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಒದ್ದೆಯನ್ನು ಹೀರಿ ಅಂಟುವ ಪಟ್ಟಿಯೊಂದನ್ನು ಮಾಡಿದರು. ಅದರಿಂದ ಹಂದಿಯ ಹೃದಯಕ್ಕೆ ಸಂವೇದಕವನ್ನು ಅಂಟಿಸಿ ಪರೀಕ್ಷಿಸಿದರು. ರಕ್ತ ಹರಿಯುತ್ತಿರುವ ಗಾಯಕ್ಕೆ ಏನು ಮಾಡುವುದು? ಅವರಿಗೆ ದಾರಿ ತೋರಿದ್ದು ಬಾರ್ನಕಲ್. ಅದರ ಅಂಟಿನಲ್ಲಿ ಎಣ್ಣೆಯಂತಹ ವಸ್ತು ಇದೆ. ಅದು ಮೊದಲು ನೀರನ್ನೂ ಕೊಳೆಯನ್ನೂ ಸರಿಸುತ್ತದೆ. ಬಳಿಕ ಪ್ರೋಟೀನು ಅಂಟುತ್ತದೆ. ಇದೇ ಉಪಾಯದಿಂದ, ಎಣ್ಣೆಯಲ್ಲಿ ಅಂಟಿನ ಕಣಗಳನ್ನು ಬೆರೆಸಿ 2021ರಲ್ಲಿ ಹೊಸ ಲೇಪ ತಯಾರಾಯಿತು. ಇಲಿ, ಹಂದಿಗಳ ಮೇಲಿನ ಪ್ರಯೋಗದಲ್ಲಿ ಗಾಯಕ್ಕೆ ಒತ್ತಿ ಹಿಡಿದಾಗ, ಸುಮಾರು ಅರ್ಧ ನಿಮಿಷದೊಳಗೆ ರಕ್ತ ನಿಂತಿತು.

ಶಸ್ತ್ರಚಿಕಿತ್ಸೆ ನೋಡಲಾಗದೆ ಓಡಿದ ಹುಡುಗ ತಾಳ್ಮೆಯಿಂದ ನೋಡಿದ ಪ್ರಾಣಿ, ಇಂದು ಶಸ್ತ್ರಚಿಕಿತ್ಸೆಗೇ ಹೊಸ ಉಪಾಯ ಹೇಳಿಕೊಡುತ್ತಿದೆ! ಮುಂದಿನ ಬಾರಿ ಹಿರಿಯರೊಂದಿಗೆ ಕಡಲತೀರಕ್ಕೆ ಹೋದಾಗ ಬಂಡೆಯ ಬಳಿ ಕುಳಿತು ಬಾರ್ನಕಲ್‌ಗಳನ್ನು ಗಮನಿಸಿ. ಚಪ್ಪಲಿ ಹಾಕಿಕೊಳ್ಳುವುದನ್ನು ಮರೆಯಬೇಡಿ.